ಮನೆ ಖಾಲಿ ಇದೆ, ಯಾರಿಗೆ?

(ಬ್ಯಾಡರಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಸೇರಿಸಿದ್ದ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನು ಹೆಚ್ಚುಕಮ್ಮಿ ಆಡಿದ ಹಾಗೇ ಬರೆದುಕೊಟ್ಟಿದ್ದೇವೆ.)



ನಮ್ಮನ್ನು ಇಲ್ಲಿಗೆ ಕರೆದವರು ಕವಿತೆ ಓದಿ ಅಂದರು. ಕವಿತೆ ಆಮೇಲೆ ಓದೋಣ. ಮೊದಲು ಮನೆ ವಿಷಯ ಮಾತಾಡಬೇಕು. ನಿಮ್ಮಲ್ಲಿ ಕೊನೇ ವರ್ಷದಲ್ಲಿ ಇರೋರು ಪರೀಕ್ಷೆ ಮುಗಿದ ವಾರಕ್ಕೆ ಟ್ರಂಕು ಹೊತ್ತುಕೊಂಡು ಹಾಸ್ಟೆಲಿನ ಗೇಟು ದಾಟ್ತೀರಿ. ಹಾಸ್ಟೆಲಿನಲ್ಲಿ ಜಾತಿ ಸರ್ಟಿಫಿಕೇಟು ತೋರಿಸಿದರೆ ಜಾಗ ಸಿಗ್ತಿತ್ತು. ಗೇಟು ದಾಟಿದ ದಿನದಿಂದ ಜಾತಿ ಗೊತ್ತಾದರೆ ಜಾಗ ಸಿಗೋದಿಲ್ಲ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡೋದಿಲ್ಲ. ಬಿ.ಎ.ಯಲ್ಲಿ ನಮಗೂ ಹೇಳಿಕೊಡಲಿಲ್ಲ. ನಾವು ಮೆಟ್ಟಿಲು ಹತ್ತಿ ಇಳಿದು ಕಲಿತೆವು.

ನಾವು ನಾಲ್ಕು ಜನ ಹಾಸ್ಟೆಲು ಬಿಟ್ಟ ಮೇಲೆ ಈ ಬ್ಯಾಡರಹಳ್ಳಿಯಲ್ಲೇ ಮನೆ ಹುಡುಕಿದೆವು. ಮಾಗಡಿ ರಸ್ತೆ ಬಸ್ಸಿಗೆ ಹತ್ತಿರ, ಪೀಣ್ಯದ ಕಡೆ ಕೆಲಸಕ್ಕೆ ಹೋಗೋರಿಗೆ ಅನುಕೂಲ, ಪೇಟೆಗಿಂತ ಬಾಡಿಗೆ ಕಮ್ಮಿ ಅಂತ. ಊರ ಹೆಸರಿನಲ್ಲೇ ಬ್ಯಾಡರಿದ್ದಾರೆ. ಬೇಟೆ ಆಡಿಕೊಂಡು ಬದುಕಿದ ಜನದ ಹೆಸರು ಹೊತ್ತ ಊರಲ್ಲವಾ, ನಮ್ಮಂಥವರಿಗೆ ಇಲ್ಲಿ ಜಾಗ ಇರ್ತದೆ ಅಂತ ಒಬ್ಬ ಗೆಳೆಯ ತಮಾಷೆ ಮಾಡ್ತಿದ್ದ. ಮೂರು ಭಾನುವಾರ ತಿರುಗಿದೆವು. ಕೇಳಿಸಿದ್ದು ಇನ್ನೊಂದು 'ಬ್ಯಾಡ'.

ಹೆಂಗೆ ಕೇಳ್ತಾರೆ ಅನ್ನೋದು ನಿಮಗೆ ಗೊತ್ತಿರಲಿ. ಯಾರೂ ನೇರವಾಗಿ ಜಾತಿ ಕೇಳೋದಿಲ್ಲ. ಮೊದಲು "ಎಲ್ಲಿ ಕೆಲಸ?" ಅಂತಾರೆ. ಆಮೇಲೆ "ಯಾವೂರು?" ಅಂತಾರೆ. ಆಮೇಲೆ "ನಾನ್‌ವೆಜ್ ಮಾಡ್ತೀರಾ?" ಅಂತಾರೆ. ಇಷ್ಟಕ್ಕೂ ಗೊತ್ತಾಗಲಿಲ್ಲ ಅಂದರೆ ಕೊನೆಗೆ ಮನೆಯ ಅಜ್ಜಿ ಒಳಗಿಂದ "ಅವರು ಯಾವ ಜನವಂತೆ ಕೇಳೋ" ಅಂತಾರೆ. ನಾವು ಹೇಳ್ತೀವಿ. ಆಗ ಮನೆಗೆ ತಟ್ಟನೆ ಒಬ್ಬ ನೆಂಟ ಹುಟ್ಟಿಕೊಳ್ತಾನೆ. "ಅಯ್ಯೋ, ನಮ್ಮ ಭಾವಮೈದ ಬರ್ತೀನಿ ಅಂದಿದ್ದ, ಮರೆತೇ ಹೋಗಿತ್ತು ನೋಡಿ." ಮುಂದಿನ ವಾರ ಅದೇ ಬೀದಿಯಲ್ಲಿ ಹೋದರೆ ಟು-ಲೆಟ್ ಬೋರ್ಡು ಅಲ್ಲೇ ನೇತಾಡ್ತಾ ಇರ್ತದೆ. ಭಾವಮೈದ ಇನ್ನೂ ಬಂದಿಲ್ಲ.

ಕೊನೆಗೆ ಮನೆ ಸಿಕ್ಕಿತು. ಮೂರನೇ ಮಹಡಿಯ ಮೇಲೆ ಶೀಟ್ ಹಾಕಿದ ಒಂದು ರೂಮು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು. ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಗೊತ್ತಾ? ವರ್ಷ ದಾಟಿದ ಬಾಡಿಗೆ ಪತ್ರವನ್ನು ರಿಜಿಸ್ಟರ್ ಮಾಡಿಸಬೇಕು ಅಂತ ಕಾನೂನು ಇದೆ. ಒಂದು ತಿಂಗಳು ಕಮ್ಮಿ ಬರೆದರೆ ಆ ತಾಪತ್ರಯ ಇಲ್ಲ. ಇಡೀ ನಗರದ ಬಾಡಿಗೆದಾರರು ಹನ್ನೊಂದು ತಿಂಗಳ ಮನುಷ್ಯರು.

ಈ ರೂಮಿನಿಂದ ನಾವು ಸಮುದ್ರ ನೋಡೋಕೆ ಹೋದ ಕತೆ ಈಗ ಹೇಳ್ತೀವಿ. ಕತೆ ಅಂದರೆ ಕಟ್ಟಿದ್ದಲ್ಲ, ನಡೆದದ್ದು.

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಬೆಳಗ್ಗೆ ಗೋಕರ್ಣ. ನಿಮ್ಮಲ್ಲಿ ಬಹಳ ಜನಕ್ಕೆ ಅಲ್ಲಿಗೆ ಹೋಗೋ ಆಸೆ ಇದೆ ಅಂತ ಗೊತ್ತು, ಫೋನಿನಲ್ಲಿ ಓಂ ಬೀಚಿನ ಚಿತ್ರ ಇಟ್ಟುಕೊಂಡಿದ್ದೀರಿ. ನಾವೂ ಹೋದೆವು. ನಾಲ್ವರಲ್ಲಿ ಮೂವರು ಸಮುದ್ರ ನೋಡಿದ್ದು ಅದೇ ಮೊದಲು. ಕುಡ್ಲೆ ಬೀಚಿನ ಹತ್ತಿರ ಒಂದು ಹೋಂಸ್ಟೇಯಲ್ಲಿ ರೂಮು ಹಿಡಿದೆವು. ಆಧಾರ್ ಕಾರ್ಡು ಕೇಳಿದರು, ದುಡ್ಡು ಕೇಳಿದರು, ಬೀಗದ ಕೈ ಕೊಟ್ಟರು. ಯಾವೂರು, ಯಾವ ಜನ, ಏನು ತಿಂತೀರಿ, ಒಂದೂ ಕೇಳಲಿಲ್ಲ. ಬೇಕಾದರೆ ಮೀನು ಹುರಿದು ಕೊಡ್ತೀವಿ ಅಂದರು. ಒಬ್ಬ ಗೆಳೆಯ ಹಾಸಿಗೆ ಮೇಲೆ ಬಿದ್ದು ನಗೋಕೆ ಶುರು ಮಾಡಿದ. "ಲೋ, ಇಲ್ಲಿ ಜಾತಿನೇ ಇಲ್ಲ ಕಣ್ರೋ!" ಅಂದ.

ಆ ನಗುವಿನಲ್ಲಿ ಸ್ವಲ್ಪ ನಿಜ ಇತ್ತು. ಅದನ್ನು ಬಚ್ಚಿಡಬಾರದು. ದುಡ್ಡಿಗೆ ಮೂಗಿಲ್ಲ, ಅದು ವಾಸನೆ ಹಿಡಿಯೋದಿಲ್ಲ, ಮಾರುಕಟ್ಟೆ ಬೆಳೆದರೆ ಜಾತಿ ತಾನೇ ಸಾಯ್ತದೆ ಅಂತ ನಮ್ಮವರೇ ಕೆಲವರು ಹೇಳ್ತಾರೆ. ಒಂದು ರಾತ್ರಿಯ ಮಟ್ಟಿಗೆ ಅದು ನಿಜ. ಎರಡನೇ ರಾತ್ರಿ ನಮಗೆ ಉಳಿದ ಅರ್ಧ ಕಾಣಿಸಿತು.

ಅಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋ ಹುಡುಗ ನಮ್ಮ ಮಾತು ಕೇಳಿ ಹತ್ತಿರ ಬಂದ. ಹಾವೇರಿ ಕಡೆಯವನು. ಅವನೂ ಎರಡು ವರ್ಷ ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದವನೇ, ಪಿಯುಸಿ ಬಿಟ್ಟು ಬಂದಿದ್ದಾನೆ. ಎಲ್ಲಿ ಮಲಗ್ತೀಯಪ್ಪ ಅಂದೆವು. ಕರಕೊಂಡು ಹೋಗಿ ತೋರಿಸಿದ. ಹಿಂದುಗಡೆ ನೀರಿನ ಟ್ಯಾಂಕಿನ ಪಕ್ಕ ತಗಡಿನ ಶೆಡ್ಡು. ಒಂದು ಕಡೆ ಗ್ಯಾಸ್ ಸಿಲಿಂಡರುಗಳು, ಇನ್ನೊಂದು ಕಡೆ ಮೂರು ಚಾಪೆ. "ಊರಲ್ಲಿ ಒಂದು ರೂಮು ಸಿಗೋದಿಲ್ಲವಾ?" ಅಂದರೆ, "ತಿಂಗಳಿಗೆ ಯಾರು ಕೊಡ್ತಾರಣ್ಣ? ಎಲ್ಲ ದಿನದ ಲೆಕ್ಕಕ್ಕೆ ಹೋಗ್ತದೆ" ಅಂದ.

ಬೆಡ್‌ಶೀಟು ಒಗೆಯೋಕೆ ಬರೋ ಒಬ್ಬ ಹೆಂಗಸು ಆ ಊರ ಸುತ್ತಿನವರೇ. ಅವರನ್ನೂ ಮಾತಾಡಿಸಿದೆವು. "ಎಂತ ಮಾಡೂದು ತಮಾ," ಅಂದರು. ಅವರ ಮನೆ ಬಾಡಿಗೆಯದು. ಮಳೆಗಾಲ ಹಿಡಿದ ಮೇಲೆ ಪ್ರವಾಸಿಗರು ಇರೋದಿಲ್ಲ, ಆಗ ಕಮ್ಮಿ ಬಾಡಿಗೆಗೆ ಇರಿ ಅಂತಾರಂತೆ. ದೀಪಾವಳಿ ಹತ್ತಿರ ಬಂತು ಅಂದರೆ ಖಾಲಿ ಮಾಡಿ ಅಂತಾರಂತೆ. ಮಳೆ ಸೋರೋವಾಗ ಅವರಿಗೆ ಮನೆ, ಬಿಸಿಲು ಬಂದಾಗ ಬೇರೆಯವರಿಗೆ. ಬೆಂಗಳೂರಿನಲ್ಲಿ ನಾವು ಹನ್ನೊಂದು ತಿಂಗಳ ಮನುಷ್ಯರಾದರೆ ಅವರು ನಾಲ್ಕೈದು ತಿಂಗಳ ಮನುಷ್ಯರು.

ಇದರಲ್ಲಿ ಮನೆಯವರ ಕೆಟ್ಟತನ ಎಷ್ಟು, ಲೆಕ್ಕ ಎಷ್ಟು ಅನ್ನೋದನ್ನು ಬಿಡಿಸಿ ನೋಡೋಣ. ಉದಾಹರಣೆಗೆ ಒಂದು ಲೆಕ್ಕ ಹಾಕಿ. ಒಂದು ರೂಮನ್ನು ತಿಂಗಳಿಗೆ ಐದು ಸಾವಿರದಂತೆ ಸಂಸಾರಕ್ಕೆ ಕೊಟ್ಟರೆ ವರ್ಷಕ್ಕೆ ಅರವತ್ತು ಸಾವಿರ. ಅದೇ ರೂಮನ್ನು ರಾತ್ರಿಗೆ ಸಾವಿರದ ಐನೂರಕ್ಕೆ ಕೊಟ್ಟರೆ ನಲವತ್ತು ರಾತ್ರಿಗೆ ಅರವತ್ತು ಸಾವಿರ ಬಂತು. ವರ್ಷದ ಮುನ್ನೂರ ಅರವತ್ತೈದು ರಾತ್ರಿಯಲ್ಲಿ ನಲವತ್ತು ರಾತ್ರಿ ತುಂಬಿದರೆ ಸಾಕು, ಉಳಿದದ್ದು ಬೀಗ ಹಾಕಿಕೊಂಡು ಬಿದ್ದಿದ್ದರೂ ನಷ್ಟ ಇಲ್ಲ. ಒಗೆಯೋದು, ಗುಡಿಸೋದು, ಕರೆಂಟು, ಕಮಿಷನ್ನು ಕಳೆದರೂ ಇನ್ನೊಂದು ಇಪ್ಪತ್ತು ಮೂವತ್ತು ರಾತ್ರಿ ಸೇರಿಸಿಕೊಳ್ಳಿ, ಅಷ್ಟೇ. ಮನೆ ಕಟ್ಟಿದವನು ಮನೆಯಲ್ಲಿ ಜನ ಇರಬೇಕು ಅಂತ ಬಯಸೋದನ್ನೇ ಬಿಡ್ತಾನೆ. ಜನ ಬಂದು ಹೋಗ್ತಾ ಇರಬೇಕು ಅಂತ ಬಯಸ್ತಾನೆ.

ಹೀಗಾಗಿ ಅಂಥ ಊರಿನಲ್ಲಿ ಮನೆಗಳು ಹೆಚ್ಚುತ್ತಾ ಹೋದ ಹಾಗೆ ಮನೆ ಇಲ್ಲದವರೂ ಹೆಚ್ಚುತ್ತಾ ಹೋಗ್ತಾರೆ. ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರು, ಆಸ್ಪತ್ರೆಯ ನರ್ಸು, ಮೀನಿನ ಬುಟ್ಟಿ ಹೊರೋಳು, ದಂಡೆಯಲ್ಲಿ ಮಣಿಸರ ಮಾರೋ ಲಂಬಾಣಿ ಹೆಣ್ಣುಮಗಳು, ಇವರಿಗೆಲ್ಲ ಊರಿನಲ್ಲಿ ಕೆಲಸ ಇದೆ, ತಲೆ ಇಡೋಕೆ ಜಾಗ ಇಲ್ಲ.

ಈ ಜಾಗ ಮೊದಲು ಯಾರದಾಗಿತ್ತು? ಈ ಪ್ರಶ್ನೆ ಕೇಳದೆ ಮನೆ ಬಾಡಿಗೆ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ.

ಗೋಕರ್ಣದ ಪಕ್ಕದಲ್ಲೇ ಸಾಣಿಕಟ್ಟಾ ಇದೆ, ಅಘನಾಶಿನಿಯ ಉಪ್ಪುನೀರು ಕಟ್ಟಿ ಉಪ್ಪು ಮಾಡೋ ಊರು. ಉಪ್ಪಿನ ಗದ್ದೆಗೆ ಆಗರ ಅಂತಾರೆ. ಆ ಕೆಲಸ ಮಾಡಿಕೊಂಡು ಬಂದ ಆಗೇರರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇದ್ದಾರೆ. ಗದ್ದೆ ಕೂಲಿ ಮಾಡಿಕೊಂಡು ಬಂದ ಮುಕ್ರಿ ಜನವೂ ಅದೇ ಪಟ್ಟಿಯಲ್ಲಿ ಇದ್ದಾರೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆಗರದಲ್ಲಿ ಕಾಲು ಸುಟ್ಟುಕೊಂಡು ಉಪ್ಪು ಎಳೆದವರು ಯಾರು ಅಂತ ಪ್ರಶ್ನೆಪತ್ರಿಕೆಯಲ್ಲಿ ಕೇಳೋದಿಲ್ಲ. ದಂಡೆಯ ಮರಳಿನಲ್ಲಿ ತರಕಾರಿ ಬೆಳೆದ ಹಾಲಕ್ಕಿಗಳು, ದೋಣಿ ಇಳಿಸಿದ ಹರಿಕಂತ್ರರು, ಖಾರ್ವಿಗಳು, ಅಂಬಿಗರು, ಇವರೆಲ್ಲ ಸಮುದ್ರದ ಮುಂದೆ ಇದ್ದಾಗ ಆ ಜಾಗವನ್ನು ಯಾರೂ 'ಸೀ ವ್ಯೂ' ಅನ್ನಲಿಲ್ಲ. ಉಪ್ಪುಗಾಳಿಗೆ ಮಾಡು ಕೊಳೆಯೋ ಜಾಗ, ತೆಂಗಿನ ಗರಿ ಹೊದೆಸಿಕೊಂಡು ಬಡವರು ಇರೋ ಜಾಗ ಅಂದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡೋಕೆ ಶುರುವಾಯಿತು, ಬೆಂಗಳೂರಿನಲ್ಲಿ ಸಂಬಳಗಳು ಏರಿದವು, ಬಡವರು ಇದ್ದ ಜಾಗ ಕಣ್ಣಿಗೆ ಚೆಂದ ಕಾಣಿಸೋಕೆ ಶುರುವಾಯಿತು.

ಆ ಜಿಲ್ಲೆಯಲ್ಲಿ ಹೋರಾಟ ಇರಲಿಲ್ಲ ಅಂತ ಅಲ್ಲ. ದಿನಕರ ದೇಸಾಯಿ ಅವರನ್ನು ನಾವು ಚುಟುಕದ ಕವಿ ಅಂತ ಓದ್ತೀವಿ. ಅವರು ಉತ್ತರ ಕನ್ನಡದ ಗೇಣಿದಾರರನ್ನು ಸಂಘಟಿಸಿ, ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದವರು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಫಾರಂ 7 ಕೊಟ್ಟ ಗೇಣಿದಾರನಿಗೆ ಭೂಮಿ ಬಂತು. ದೊಡ್ಡ ಕೆಲಸ, ಇಲ್ಲ ಅನ್ನೋದಿಲ್ಲ. ಆದರೆ ಫಾರಂ 7 ಕೊಡೋಕೆ ಗೇಣಿ ಇರಬೇಕಲ್ಲ? ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡಿದವನಿಗೆ ಯಾವ ಗೇಣಿ? ಉಳುವವನೇ ಹೊಲದೊಡೆಯ ಅಂದರು. ನೇಗಿಲು ಹಿಡಿದವನು ಒಬ್ಬ, ಹೆಸರು ಬರೆಸಿದವನು ಇನ್ನೊಬ್ಬ ಆದ ಕಡೆ ನಮ್ಮವರು ಒಡೆಯರಾಗಲಿಲ್ಲ. ಕೂಲಿಯವನು ಬೇರೆಯವರ ಜಮೀನಿನಲ್ಲಿ ಕಟ್ಟಿಕೊಂಡ ವಾಸದ ಮನೆ ಅವನಿಗೇ ಸೇರಬೇಕು ಅಂತ ಅದೇ ಕಾಯ್ದೆಯ 38ನೇ ಕಲಂ ಹೇಳ್ತದೆ. ಆ ಕಲಂ ಓದಿ ಹೇಳೋರು ಕೇರಿಗೆ ಎಷ್ಟು ಜನ ಬಂದರು?

ಆ ಕಾಯ್ದೆಗೆ ಒಂದು ಬೇಲಿಯೂ ಇತ್ತು. ಬೇಸಾಯಗಾರನಲ್ಲದವನು, ಬೇರೆ ಆದಾಯ ಜಾಸ್ತಿ ಇರೋನು, ಕೃಷಿ ಜಮೀನು ಕೊಳ್ಳಬಾರದು ಅನ್ನೋ 79ಎ, 79ಬಿ ಕಲಂಗಳು. ಆ ಬೇಲಿ ಹಾರಿದವರು ಎಷ್ಟೋ ಜನ ಇದ್ದರು ಅನ್ನೋದು ಬೇರೆ ಮಾತು. 2020ರಲ್ಲಿ ಬೇಲಿಯನ್ನೇ ಕಿತ್ತರು. ಕೊರೋನಾಕ್ಕೆ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ, ಮೊದಲು ಸುಗ್ರೀವಾಜ್ಞೆ, ಆಮೇಲೆ ತಿದ್ದುಪಡಿ ಕಾಯ್ದೆ. ಈಗ ದುಡ್ಡಿರೋ ಯಾರಾದರೂ ಎಲ್ಲಾದರೂ ಗದ್ದೆ ಕೊಳ್ಳಬಹುದು. ನಮಗೂ ಆ ಸ್ವಾತಂತ್ರ್ಯ ಇದೆ ಅಂತಾರೆ. ಇದೆಯಪ್ಪ, ಜೇಬು ಇಲ್ಲ.

ಸಮುದ್ರದ ದಂಡೆಗೆ ಇನ್ನೊಂದು ಬೇಲಿ, ಸಿಆರ್‌ಝಡ್ ಅಂತ. 1991ರಲ್ಲಿ ಬಂದದ್ದು. ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ ಇನ್ನೂರು ಮೀಟರಿನ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ ಅಂತ ಇತ್ತು. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರೋ ಹಳ್ಳಿಗಳಲ್ಲಿ ಅದನ್ನು ಐವತ್ತು ಮೀಟರಿಗೆ ಇಳಿಸಿತು. ಬೇಲಿ ಇದ್ದಾಗ ಮೀನುಗಾರನ ಗುಡಿಸಲಿನ ಗೋಡೆ ಎತ್ತರ ಮಾಡೋಕೆ ಕಾಗದ ಕೇಳ್ತಿದ್ದರು. ಬೇಲಿ ಸಡಿಲವಾದ ಮೇಲೆ ಲಾಭ ಯಾರಿಗೆ ಅಂತ ದಂಡೆ ಮೇಲೆ ನಡೆದುಕೊಂಡು ಹೋದರೆ ನಿಮಗೇ ಕಾಣ್ತದೆ.

ಗೋಕರ್ಣ ಬಿಟ್ಟು ಬರೋ ದಿನ ಲೆಕ್ಕ ಚುಕ್ತಾ ಮಾಡೋವಾಗ ಅಲ್ಲಿನ ಮ್ಯಾನೇಜರು ನಮ್ಮ ವಿಳಾಸ ನೋಡಿ, "ಓ, ಬ್ಯಾಡರಹಳ್ಳಿಯಾ! ನಮ್ಮ ಓನರ್ರೂ ಮಾಗಡಿ ರೋಡ್ ಕಡೆಯವರೇ. ಅಲ್ಲಿ ಒಂದು ಸೈಟು ಮಾರಿ ಇಲ್ಲಿ ಗುಂಟೆಗಟ್ಟಲೆ ತಗೊಂಡರು" ಅಂದ. ಬಸ್ಸಿನಲ್ಲಿ ರಾತ್ರಿಯೆಲ್ಲ ನಾವು ಇದೇ ಮಾತಾಡಿದೆವು. ಇಲ್ಲಿನ ಸೈಟಿನ ದುಡ್ಡು ಅಲ್ಲಿನ ಹೋಂಸ್ಟೇ ಆಗಿದೆ. ಆ ಸೈಟು ಅದಕ್ಕೆ ಮುಂಚೆ ಏನಾಗಿತ್ತು?

ಹೊಲ ಆಗಿತ್ತು. ಯಾರ ಹೊಲ ಅನ್ನೋದನ್ನು ನಮ್ಮ ಮನೆಯ ಕತೆಯಿಂದಲೇ ಹೇಳ್ತೀವಿ. ಮಾಗಡಿ ರಸ್ತೆ ಉದ್ದಕ್ಕೂ ಇದ್ದ ಹಳ್ಳಿಗಳಲ್ಲಿ ನಮ್ಮವರಿಗೆ ಎರಡು ಥರದ ಭೂಮಿ ಇತ್ತು. ಒಂದು, ತೋಟಿ ಇನಾಮ್ತಿ. ಊರಿನ ಚಾಕರಿ ಮಾಡಿದ್ದಕ್ಕೆ, ಸತ್ತ ಸುದ್ದಿ ಹೊತ್ತು ಓಡಿದ್ದಕ್ಕೆ ಬಿಟ್ಟಿದ್ದ ತುಂಡು ಭೂಮಿ. ಇನ್ನೊಂದು, ಸರ್ಕಾರ ಮಂಜೂರು ಮಾಡಿದ್ದು. ನಮ್ಮ ತಾತನ ಒಂದು ಎಕರೆ ಇನಾಮ್ತಿ. ಮಗಳ ಮದುವೆಗೆ, ಮಗನ ಆಸ್ಪತ್ರೆಗೆ ಅಂತ ಇಸಕೊಂಡ ಕೈಸಾಲ ಅಗ್ರಿಮೆಂಟಾಯಿತು, ಅಗ್ರಿಮೆಂಟು ಜಿಪಿಎ ಆಯಿತು, ಹೊಲದಲ್ಲಿ ಕಲ್ಲು ನೆಟ್ಟರು, ರೆವಿನ್ಯೂ ಸೈಟು ಅಂದರು. ತಾತನ ಹೆಬ್ಬೆಟ್ಟು ಇದ್ದ ಕಾಗದದಲ್ಲಿ ಏನು ಬರೆದಿತ್ತು ಅಂತ ತಾತನಿಗೆ ಸಾಯೋವರೆಗೂ ಗೊತ್ತಾಗಲಿಲ್ಲ. ನಾವು ಬಾಡಿಗೆಗೆ ಮನೆ ಕೇಳಿಕೊಂಡು ತಿರುಗಿದ ಬೀದಿಗಳಂಥ ಬೀದಿ ಅಂಥ ಹೊಲಗಳ ಮೇಲೇ ಎದ್ದದ್ದು. ಅಂಥ ಬೀದಿಯಲ್ಲಿ ನಿಂತು ನಾವು ಯಾವ ಜನ ಅಂತ ಉತ್ತರ ಕೊಡಬೇಕು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಗಮನ ಇಟ್ಟು ಕೇಳಿ, ಕಾನೂನು ಓದೋರು ಬರೆದುಕೊಳ್ಳಿ. 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಅದು ನಡೆಯೋದಿಲ್ಲ, ಜಮೀನು ವಾಪಸ್ಸು ಕೊಡಿಸಬೇಕು ಅನ್ನುತ್ತದೆ. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು; 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಬಹಳ ವರ್ಷ ತಡ ಮಾಡಿ ಅರ್ಜಿ ಹಾಕಿದರೆ ಆಗೋದಿಲ್ಲ ಅಂದಿತು. ತಡ ಯಾಕಾಯಿತು? ಓದೋಕೆ ಬರದವನಿಗೆ ಕಾಯ್ದೆ ಇದೆ ಅಂತ ಗೊತ್ತಾಗೋಕೆ ಮೊಮ್ಮಗ ಹುಟ್ಟಿ ಬಿ.ಎ. ಮಾಡಬೇಕಲ್ಲ, ಅದಕ್ಕೇ ತಡ. ಆಮೇಲೆ ಜನ ಬೀದಿಗಿಳಿದು ಕೂತ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ಆದರೂ ಕೋರ್ಟುಗಳಲ್ಲಿ ತಡದ ಪ್ರಶ್ನೆ ಮತ್ತೆ ಮತ್ತೆ ಏಳ್ತಾ ಇದೆ.

ಇನ್ನೊಂದು ತೂತು ಇದೆ. ಆ ಕಾಯ್ದೆಯಲ್ಲಿ ಮಂಜೂರಾದ ಜಮೀನು ಅಂದರೆ ಏನು ಅಂತ ಹೇಳೋ ಜಾಗದಲ್ಲಿ, ವಂಶಪಾರಂಪರ್ಯ ಹುದ್ದೆಗೆ ಸೇರಿದ ಇನಾಮು ಬಿಟ್ಟು ಅಂತ ಬರೆದಿದೆ. ತೋಟಿ ಇನಾಮ್ತಿ ಅದೇ ಅಲ್ಲವಾ? ತಲೆತಲಾಂತರ ಚಾಕರಿ ಮಾಡಿ ಗಳಿಸಿದ ಭೂಮಿಗೇ ಆ ಕಾಯ್ದೆಯ ಕಾವಲು ಇಲ್ಲ. ಅದಕ್ಕೆ ಹಳ್ಳಿ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಬೇರೆ ಇದೆ, ಅದರ ನಿಯಮ ಬೇರೆ. ಆದ್ದರಿಂದ ನಿಮ್ಮ ಮನೆಯ ಭೂಮಿ ಯಾವ ಥರದ್ದು ಅನ್ನೋದು ಮೊದಲು ಗೊತ್ತಾಗಬೇಕು. ಮಂಜೂರಾತಿಯೋ, ಇನಾಮ್ತಿಯೋ, ಕ್ರಯವೋ? ಊರಿಗೆ ಹೋದಾಗ ಹಬ್ಬದ ಊಟ ಮಾಡಿ ಬರಬೇಡಿ. ಟ್ರಂಕಿನ ತಳದಲ್ಲಿರೋ ಕಾಗದ ತೆಗೆಸಿ ಓದಿ. ಹಳೇ ಪಹಣಿ ತೆಗೆಸಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಹಕ್ಕುಪತ್ರ ಇಲ್ಲದವರು ಇದ್ದರೆ ಭೂ ಕಂದಾಯ ಕಾಯ್ದೆಯ 94ಸಿ ಕಲಂ ಇದೆ, ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ಗೋಕರ್ಣದ ಕಡೆಯ ಹುಡುಗರು ಈ ಸಭೆಯಲ್ಲಿ ಇದ್ದರೆ ಅವರಿಗೂ ಇದೇ ಮಾತು.

ಬ್ಯಾಡರಹಳ್ಳಿಯವರಿಗೆ ಇದು ಅವಸರದ ಮಾತು ಕೂಡ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗೆ ಮಾಗಡಿ ರಸ್ತೆ ಮೇಲೆ 12.5 ಕಿಲೋಮೀಟರ್ ದಾರಿ. ಬ್ಯಾಡರಹಳ್ಳಿಗೂ ಒಂದು ನಿಲ್ದಾಣ. ರೈಲು ಬರಲಿ, ನಮಗೂ ಬೇಕು. ಆದರೆ ರೈಲಿಗಿಂತ ಮುಂಚೆ ಬಾಡಿಗೆ ಬರ್ತದೆ. ಸಮುದ್ರ ತೋರಿಸಿ ಅಲ್ಲಿ ಏನು ಮಾಡಿದರೋ ನಿಲ್ದಾಣ ತೋರಿಸಿ ಇಲ್ಲೂ ಅದನ್ನೇ ಮಾಡ್ತಾರೆ. ಶೀಟ್ ಮನೆಗಳನ್ನು ಕೆಡವಿ ದಿನಬಾಡಿಗೆಯ ರೂಮು ಕಟ್ಟಿದರೆ ಗಾರ್ಮೆಂಟ್ಸಿಗೆ ಹೋಗೋ ಅಕ್ಕಂದಿರು ಇನ್ನೂ ಮುಂದೆ, ಕಡಬಗೆರೆ ಆಚೆಗೆ ಗಂಟು ಹೊರಬೇಕು.

ಈಗ ಬಾಬಾಸಾಹೇಬರ ಒಂದು ಸಂಗತಿ. ನಿಮಗೆ ಗೊತ್ತಿದ್ದರೂ ಇವತ್ತಿನ ಮಾತಿನ ಜೊತೆ ಇಟ್ಟು ಮತ್ತೆ ಕೇಳಿ. 1917ರಲ್ಲಿ ಅವರು ಅಮೆರಿಕದಲ್ಲಿ ಓದಿ, ಲಂಡನ್ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಊರಿನಲ್ಲಿ ಇಳಿಯೋಕೆ ಜಾಗ ಇಲ್ಲ. ಒಂದು ಪಾರ್ಸಿ ವಸತಿಗೃಹಕ್ಕೆ ಹೋಗಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಮಹಡಿ ಮೇಲೆ ಒಬ್ಬರೇ ಉಳಿದುಕೊಂಡರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಂದು ನಿಂತರು. ಸಂಜೆ ಒಳಗೆ ಖಾಲಿ ಮಾಡು ಅಂದರು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬ, ನೀನು ಬಂದರೆ ನಮ್ಮ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ, ಹೆಂಡತಿಯನ್ನು ಕೇಳಬೇಕು ಅಂದ. ಅದು ಅವನ ಭಾವಮೈದ ಅಂದುಕೊಳ್ಳಿ. ಕೊಲಂಬಿಯಾದಲ್ಲಿ ಓದಿ ಬಂದ ಆ ಮನುಷ್ಯ ಒಂದು ಉದ್ಯಾನದಲ್ಲಿ ಕೂತು, ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸ್ಸು ಹೋದರು.

ಅವರೇ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ನಿಂತಿದ್ದರು. ಈಗ 15ನೇ ವಿಧಿ ಆಗಿರೋದರ ಚರ್ಚೆ. ಅಂಗಡಿ, ಹೋಟೆಲು, ಇವುಗಳಿಗೆ ಹೋಗೋಕೆ ಜಾತಿ ಅಡ್ಡ ಬರಬಾರದು ಅನ್ನೋ ಮಾತಿನಲ್ಲಿ ಅಂಗಡಿ ಅಂದರೆ ಏನು ಅಂತ ಕೇಳಿದರು. ಬಾಬಾಸಾಹೇಬರು ಕೊಟ್ಟ ಉತ್ತರದ ತಾತ್ಪರ್ಯ ಇದು: ಕೇಳಿಕೊಂಡು ಬಂದ ಯಾರಿಗಾದರೂ ತನ್ನ ಸೇವೆ ಕೊಡೋಕೆ ಸಿದ್ಧ ಇರೋನು ಕೂತ ಜಾಗ ಅಂಗಡಿ. ಬಟ್ಟೆ ಒಗೆಯೋದೂ ಅಂಗಡಿ, ಕ್ಷೌರ ಮಾಡೋದೂ ಅಂಗಡಿ. ವಸತಿಗೃಹದಿಂದ ದೊಣ್ಣೆ ಹಿಡಿದು ಓಡಿಸಿಕೊಂಡವರಿಗೆ ಅಂಗಡಿ ಅನ್ನೋ ಪದದ ಅಳತೆ ಚೆನ್ನಾಗಿ ಗೊತ್ತಿತ್ತು.

ಹಾಗಿದ್ದರೆ ನಮ್ಮ ಪ್ರಶ್ನೆ ಇದು. ಬಾಗಿಲಿಗೆ ಟು-ಲೆಟ್ ಬೋರ್ಡು ಹಾಕಿದವನು ಅಂಗಡಿ ತೆರೆದವನೋ ಅಲ್ಲವೋ? ಗೋಕರ್ಣದಲ್ಲಿ ಮನೆಯನ್ನೇ ಅಂಗಡಿ ಮಾಡಿದ್ದಾರೆ, ಅದಕ್ಕೇ ನಮಗೆ ಒಂದು ರಾತ್ರಿ ಸಿಕ್ಕಿತು. ಇಲ್ಲಿ ಅಡ್ವಾನ್ಸು ಎಣಿಸೋವಾಗ ಅಂಗಡಿ, ಬಾಡಿಗೆ ಏರಿಸೋವಾಗ ಅಂಗಡಿ, ನಾವು ಬಂದು ನಿಂತಾಗ ಮಾತ್ರ 'ನಮ್ಮ ಮನೆ, ನಮ್ಮಿಷ್ಟ'. ಮಾರುಕಟ್ಟೆ ಜಾತಿಯನ್ನು ಕೊಲ್ತದೆ ಅನ್ನೋರಿಗೆ ನಾವು ಕಂಡ ಸತ್ಯ ಹೇಳಬೇಕು: ಮಲಗಿ ಎದ್ದು ಹೋಗೋನಿಗೆ ಮಾರುಕಟ್ಟೆ ಜಾತಿ ಕೇಳೋದಿಲ್ಲ, ನೆಲೆ ನಿಲ್ಲೋಕೆ ಬಂದವನಿಗೆ ಕೇಳ್ತದೆ. ಭೂಮಿ ಕೈ ಬದಲಾಗೋವಾಗ ಅದು ನಮ್ಮ ಜಾತಿಯನ್ನು ಎಂದೂ ಮರೆತಿಲ್ಲ.

15ನೇ ವಿಧಿಯಲ್ಲಿ ಬಾಡಿಗೆ ಮನೆ ಅನ್ನೋ ಪದ ಇಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಒಂದು ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಒಂದೇ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನೋ ಬೈಲಾವನ್ನು ಒಪ್ಪಿಕೊಂಡಿತು. ಕಾನೂನಿನ ಬಾಗಿಲು ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ. ತೆರೆಸೋಕೆ ಸಾಕ್ಷಿ ಬೇಕು. ನಮ್ಮ ಹತ್ತಿರ ಅವಮಾನ ಇದೆ, ಸಾಕ್ಷಿ ಇಲ್ಲ. ಮನೆ ಇಲ್ಲ ಅನ್ನಿಸಿಕೊಂಡು ಬಂದು ರೂಮಿನಲ್ಲಿ ಮುಖ ಮುಚ್ಚಿ ಮಲಗ್ತೀವಿ, ಇಲ್ಲವೇ ಮುಂದಿನ ಮನೆಯಲ್ಲಿ ಜಾತಿ ಸುಳ್ಳು ಹೇಳ್ತೀವಿ. ನಾವೂ ಒಂದು ಸಲ ಹೇಳಿದ್ದೇವೆ. ಹನ್ನೊಂದು ತಿಂಗಳು ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕದೆ ಇದ್ದೆವು. ಆ ಖಾಲಿ ಗೋಡೆ ನೋಡ್ಕೊಂಡು ಮಲಗಿದ ರಾತ್ರಿಗಳು ನಿಮಗೆ ಬೇಡ ಅಂತಲೇ ಇವತ್ತು ಇಷ್ಟು ಮಾತಾಡ್ತಾ ಇರೋದು.

ಅದಕ್ಕೆ ಒಂದು ಸಣ್ಣ ಕೆಲಸ ಹೇಳ್ತೀವಿ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಯಾರಿಗೆ ಎಲ್ಲಿ ಮನೆ ಇಲ್ಲ ಅಂದರೋ ಅವತ್ತೇ ರಾತ್ರಿ ಬರೆದಿಡಿ. ತಾರೀಕು, ಬೀದಿ, ಏನು ಕೇಳಿದರು, ಏನು ಹೇಳಿದೆವು, ಯಾವ ಮಾತಿನ ಮೇಲೆ ಬಾಗಿಲು ಮುಚ್ಚಿತು, ಬೋರ್ಡು ಎಷ್ಟು ದಿನ ಹಾಗೇ ಇತ್ತು. ಬೈಗುಳ ಬೇಡ, ಹೆಚ್ಚುಕಟ್ಟೋದು ಬೇಡ, ನಡೆದಷ್ಟೇ ಬರೆಯಿರಿ. ವರ್ಷಕ್ಕೊಂದು ಸಲ ಎಲ್ಲ ನೋಟ್‌ಬುಕ್ಕುಗಳನ್ನು ಒಂದು ಕಡೆ ಸೇರಿಸೋಣ. ಒಬ್ಬನ ಕತೆ ಅಂದರೆ ಕನಿಕರ ಪಡ್ತಾರೆ. ಐನೂರು ಪುಟ ಮುಂದಿಟ್ಟರೆ ಉತ್ತರ ಕೊಡಬೇಕಾಗ್ತದೆ.

ಇನ್ನೊಂದು ಮಾತು ನಮಗೇ ಹೇಳಿಕೊಳ್ಳಬೇಕಾದದ್ದು. ನಾಳೆ ನಿಮ್ಮಲ್ಲಿ ಒಬ್ಬರು ಕೆಎಎಸ್ ಆಗ್ತೀರಿ, ಒಬ್ಬರು ಬ್ಯಾಂಕಿಗೆ ಹೋಗ್ತೀರಿ. ಸೈಟು ಮಾಡ್ತೀರಿ, ಮಾಡಿ. ಮೇಲೆ ಎರಡು ಮನೆ ಕಟ್ಟಿ ಬಾಡಿಗೆಗೆ ಬಿಡ್ತೀರಿ, ಬಿಡಿ. ಬಾಡಿಗೆ ಕೇಳೋಕೆ ಬಂದ ಪೌರಕಾರ್ಮಿಕನ ಮಗನಿಗೋ, ಮುಸ್ಲಿಂ ಹುಡುಗನಿಗೋ, ಒಂಟಿ ಹೆಣ್ಣುಮಗಳಿಗೋ ನೀವೂ ಒಬ್ಬ ಭಾವಮೈದನನ್ನು ಹುಟ್ಟಿಸಿದರೆ ನಮ್ಮ ನೋಟ್‌ಬುಕ್ಕಿನಲ್ಲಿ ನಿಮ್ಮ ಬೀದಿಯ ಹೆಸರೂ ಬರ್ತದೆ. ಸಮುದ್ರಕ್ಕೆ ಹೋಗಬೇಡಿ ಅಂತ ಹೇಳೋದಿಲ್ಲ. ಸಮುದ್ರ ಎಲ್ಲರದೂ. ಹೋಗಿ, ಈಜಿ, ಮೀನು ತಿನ್ನಿ. ರೂಮಿನ ಬೀಗದ ಕೈ ಕೊಟ್ಟಾಗ ಒಂದು ಪ್ರಶ್ನೆ ಕೇಳಿ: ಈ ಹಾಸಿಗೆ ಹಾಸಿದವರು ರಾತ್ರಿ ಎಲ್ಲಿ ಮಲಗ್ತಾರೆ?

ಹೋದ ತಿಂಗಳು ಆ ಹಾವೇರಿ ಹುಡುಗ ಫೋನು ಮಾಡಿದ್ದ. ಮತ್ತೆ ಪಿಯುಸಿ ಪರೀಕ್ಷೆ ಕಟ್ಟಿದ್ದೀನಿ, ಬೆಂಗಳೂರಿಗೆ ಬಂದರೆ ಎಲ್ಲಿ ಇರೋದಣ್ಣ ಅಂತ ಕೇಳಿದ. ಸದ್ಯಕ್ಕೆ ನಮ್ಮ ಶೀಟ್ ರೂಮಿಗೇ ಬಾ ಅಂದೆವು. ನಾಲ್ಕು ಚಾಪೆ ಇರೋ ಕಡೆ ಐದನೆಯದು ಹಿಡಿಸ್ತದೆ. ಈಗ ಗೋಡೆ ಮೇಲೆ ಫೋಟೋ ಇದೆ.

ಕವಿತೆ ಓದೋಕೆ ಹೊತ್ತಾಯಿತು, ಇನ್ನೊಂದು ದಿನ ಓದೋಣ. ಹೊರಗೆ ಹೋಗೋವಾಗ ಬಾಗಿಲ ಹತ್ತಿರ ಇಟ್ಟಿರೋ ನೋಟ್‌ಬುಕ್ಕಿನಲ್ಲಿ, ಮನೆ ಇಲ್ಲ ಅನ್ನಿಸಿಕೊಂಡವರು ಒಂದು ಪುಟ ಬರೆದು ಹೋಗಿ.

ಜೈ ಭೀಮ್.